ಐದನೆಯ ಹೆನ್ರಿ: ಮಾತು ಮತ್ತು ಮಾತಿನ ಮರೆ

ಇತಿಹಾಸ ಗ್ರಂಥವು ಅರಸನು ಏನು ಮಾಡಿದನೆಂಬುದನ್ನು ತಿಳಿಸುತ್ತದೆ. ಐತಿಹಾಸಿಕ ನಾಟಕವಾದರೋ ಆತನು ಏನನ್ನು ಮರೆಮಾಚಿದನೆಂಬುದನ್ನೂ ತೋರಬಲ್ಲುದು. ಷೇಕ್ಸ್‌ಪಿಯರ್ ಮಹಾಕವಿಯು 1599ರ ಸುಮಾರಿಗೆ ರಚಿಸಿದ 'ಐದನೆಯ ಹೆನ್ರಿ' ಇದಕ್ಕೆ ಉತ್ತಮ ನಿದರ್ಶನ. 1415ರ ಅಕ್ಟೋಬರ್ 25ರಂದು ಫ್ರಾನ್ಸಿನ ಅಜಿನ್‌ಕೋರ್ಟ್ ರಣರಂಗದಲ್ಲಿ ಇಂಗ್ಲೆಂಡಿನ ಸೈನ್ಯವು ಗಳಿಸಿದ ಜಯ ಇದರ ಮುಖ್ಯ ವಸ್ತು. ಮೇಲ್ನೋಟಕ್ಕೆ ಇದು ವೀರನೊಬ್ಬನ ಸ್ತುತಿಯೆನಿಸುತ್ತದೆ. ಆದರೆ ಅರಸನ ಮಾತಿನ ಧಾಟಿಯನ್ನು ಪರಿಶೀಲಿಸಿದಾಗ ಒಳಗಿನ ಅಳುಕು ಗೋಚರವಾಗುತ್ತದೆ.

ಆಸ್ಥಾನದಲ್ಲಿ ಹೆನ್ರಿಯ ಮಾತು ಕನ್ನಡದ ಸರಳರಗಳೆಯನ್ನು ಹೋಲುವ ಪ್ರಾಸರಹಿತ ಪದ್ಯ. ಯುದ್ಧದ ಹಿಂದಿನ ರಾತ್ರಿ ವೇಷ ಮರೆಸಿಕೊಂಡು ಪಾಳೆಯದಲ್ಲಿ ಸಂಚರಿಸುವಾಗ ಆತನು ಸಾಮಾನ್ಯ ಸೈನಿಕರೊಡನೆ ಗದ್ಯದಲ್ಲಿ ಮಾತನಾಡುತ್ತಾನೆ. ಅರಸನ ಪಕ್ಷ ನ್ಯಾಯವಾದುದೆಂದು ಆತನು ಹೇಳಿದಾಗ, ಅದು ತಮಗೆ ತಿಳಿಯದೆಂದು ವಿಲಿಯಮ್ಸ್ ಎಂಬ ಸೈನಿಕನು ನಿರ್ಭಯವಾಗಿ ನುಡಿಯುತ್ತಾನೆ. ಪಕ್ಷ ಅನ್ಯಾಯವಾದರೆ ಸತ್ತವರ ಲೆಕ್ಕವನ್ನು ಅರಸನೇ ಒಪ್ಪಿಸಬೇಕೆನ್ನುತ್ತಾನೆ. ಹೆನ್ರಿಯ ಉತ್ತರ ದೀರ್ಘವಾದುದು, ತರ್ಕಬದ್ಧವಾದುದು. ಆದರೆ ಅದು ಸೈನಿಕರ ಸ್ವಂತ ಪಾಪಗಳನ್ನು ಕುರಿತದ್ದು. ಯುದ್ಧವು ನ್ಯಾಯವೋ ಅಲ್ಲವೋ ಎಂಬ ಮೂಲಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಏಕಾಂತದಲ್ಲಿ ಆತನು ಮತ್ತೆ ಪದ್ಯಕ್ಕೆ ಮರಳುತ್ತಾನೆ. ಆಗ ಮರೆ ಸರಿಯುತ್ತದೆ. 1399ರಲ್ಲಿ ತಂದೆಯು ಎರಡನೆಯ ರಿಚರ್ಡನಿಂದ ಕಿರೀಟವನ್ನು ಕಸಿದುಕೊಂಡ ದೋಷವನ್ನು ಇಂದೊಂದು ದಿನ ನೆನೆಯಬೇಡವೆಂದು ದೇವರಲ್ಲಿ ಮೊರೆಯಿಡುತ್ತಾನೆ. ಐನೂರು ಬಡವರಿಗೆ ವರ್ಷಾಶನ ಕೊಡುತ್ತಿರುವುದನ್ನು ನಿವೇದಿಸಿ, ಅದೂ ಸಾಲದೆಂದು ತಾನೇ ಒಪ್ಪಿಕೊಳ್ಳುತ್ತಾನೆ. ಸೈನಿಕನ ಪ್ರಶ್ನೆಗೆ ಉತ್ತರ ಏಕೆ ದೊರೆಯಲಿಲ್ಲವೆಂಬುದು ಇಲ್ಲಿ ವಿದಿತವಾಗುತ್ತದೆ.

ಮರುದಿನ ಬೆಳಿಗ್ಗೆ, ತನ್ನೊಡನೆ ರಕ್ತ ಸುರಿಸುವವರೆಲ್ಲರೂ ತನಗೆ ಸೋದರರೆಂದು ಹೆನ್ರಿ ಸಾರುತ್ತಾನೆ. ಜಯಾನಂತರ ಮಡಿದವರ ಪಟ್ಟಿಯನ್ನು ಓದುವವನೂ ಆತನೇ. ಕುಲೀನರಾದ ನಾಲ್ವರ ಹೆಸರುಗಳನ್ನು ಹೇಳುತ್ತಾನೆ. ಉಳಿದ ಇಪ್ಪತ್ತೈದು ಮಂದಿ ಕೇವಲ ಸಂಖ್ಯೆ. ಬೆಳಗಿನ ಸೋದರರಿಗೆ ಸಂಜೆಗೆ ಹೆಸರೇ ಇಲ್ಲ! ಕವಿಯು ಇದನ್ನು ಟೀಕಿಸುವುದಿಲ್ಲ. ಎರಡು ಮಾತುಗಳನ್ನೂ ಒಬ್ಬನ ಬಾಯಿಂದಲೇ ಆಡಿಸಿ ಸುಮ್ಮನಾಗುತ್ತಾನೆ.

ಇಂತಹ ನಾಟಕವನ್ನು ಬೋಧಿಸುವಾಗ ಕಥಾಸಾರವನ್ನು ಬರೆಯಿಸಿದರೆ ಸಾಲದು. ಪಾತ್ರವು ಯಾರೊಡನೆ, ಯಾವ ಧಾಟಿಯಲ್ಲಿ ಮಾತನಾಡಿತು, ಯಾವ ಪ್ರಶ್ನೆಗೆ ಉತ್ತರ ಕೊಡದೆ ಹೋಯಿತು ಎಂಬುದನ್ನು ವಿದ್ಯಾರ್ಥಿಗಳು ಶೋಧಿಸುವಂತಾಗಬೇಕು. ಅಧಿಕಾರದಲ್ಲಿರುವವರ ಇಂಪಾದ ನುಡಿಯನ್ನು ಆಲಿಸುವಾಗಲೂ ವಿವೇಕವನ್ನು ಕಳೆದುಕೊಳ್ಳದ ಪ್ರಜೆಯು ರೂಪುಗೊಳ್ಳುವುದು ಇಂತಹ ಅಭ್ಯಾಸದಿಂದಲೇ.