ಕಲ್ಲಿಗಂಟಿದ ಚ್ಯೂಯಿಂಗ್ ಗಮ್

ಸರಿಯಾಗಿ ಮಾಗದ ಸಪೋಟವನ್ನು ಅವಸರದಿಂದ ಕಚ್ಚಿದವರಿಗೆ ಅದರ ಸೊನೆಯ ಪರಿಚಯ ಇದ್ದೇ ಇರುತ್ತದೆ. ಹಾಲಿನಂಥ ಆ ದ್ರವ ತುಟಿಗೆ ತಾಗಿದೊಡನೆ ಅಂಟಾಗುತ್ತದೆ. ನೀರಿನಿಂದ ಎಷ್ಟು ತೊಳೆದರೂ ಅದು ಹೋಗುವುದಿಲ್ಲ. ಎಣ್ಣೆ ಸವರಿ ಉಜ್ಜಿದರೆ ಬಿಡುತ್ತದೆ. ಮನೆಯಂಗಳದ ಈ ಸಣ್ಣ ಅನುಭವಕ್ಕೂ ಲಂಡನ್, ಸಿಂಗಪುರಗಳಂಥ ಮಹಾನಗರಗಳನ್ನು ಕಾಡಿದ ಒಂದು ಸಮಸ್ಯೆಗೂ ಹತ್ತಿರದ ನಂಟುಂಟು.

ಸಪೋಟದ ತವರು ಮೆಕ್ಸಿಕೋ ಮತ್ತು ಮಧ್ಯ ಅಮೆರಿಕ. ಅಲ್ಲಿಯ ಜನರು ಪುರಾತನ ಕಾಲದಿಂದಲೂ ಈ ಮರದ ತೊಗಟೆಯನ್ನು ಕೊಯ್ದು, ಒಸರಿದ ಸೊನೆಯನ್ನು ಗಟ್ಟಿಮಾಡಿ ಜಗಿಯುತ್ತಿದ್ದರು. ಇದರ ಹೆಸರು ‘ಚಿಕ್ಲೆ’. ನ್ಯೂಯಾರ್ಕಿನ ಥಾಮಸ್ ಆ್ಯಡಮ್ಸ್ ಎಂಬಾತನು ಚಿಕ್ಲೆಯಿಂದ ರಬ್ಬರಿಗೆ ಬದಲಿ ವಸ್ತುವನ್ನು ತಯಾರಿಸಲು ಹೊರಟು ಸೋತನು. ಬಳಿಕ ಅದನ್ನೇ ಜಗಿಯುವ ಪದಾರ್ಥವಾಗಿ ಮಾರತೊಡಗಿ, ೧೮೭೧ರಲ್ಲಿ ಅದರ ತಯಾರಿಕೆಯ ಯಂತ್ರಕ್ಕೆ ಪೇಟೆಂಟ್ ಪಡೆದನು. ಎರಡನೆಯ ಮಹಾಯುದ್ಧದ ತರುವಾಯ ಮರದ ಸೊನೆಯ ಸ್ಥಾನವನ್ನು ಬಹುಮಟ್ಟಿಗೆ ಕೃತಕ ಪದಾರ್ಥಗಳು ಆಕ್ರಮಿಸಿದುವು. ಹೀಗೆ ರಬ್ಬರಿನ ನೆಂಟನಾಗಿ ಹುಟ್ಟಿದ ಚ್ಯೂಯಿಂಗ್ ಗಮ್ ಇಂದಿಗೂ ರಬ್ಬರಿನ ನೆಂಟನೇ ಆಗಿದೆ.

ಅದು ಅಂಟುವುದೇಕೆ?

ಚ್ಯೂಯಿಂಗ್ ಗಮ್ಮಿನಲ್ಲಿ ಎರಡು ಭಾಗಗಳುಂಟು. ಸಕ್ಕರೆ, ಸುವಾಸನೆ ಮೊದಲಾದುವು ಜೊಲ್ಲಿನಲ್ಲಿ ಕರಗಿ ಹೊಟ್ಟೆ ಸೇರುತ್ತವೆ. ಇನ್ನೊಂದು ಭಾಗವಾದ ಮೂಲ ಅಂಟು ಎಷ್ಟು ಜಗಿದರೂ ಕರಗುವುದಿಲ್ಲ. ಇದು ಸಾವಿರಾರು ಸಣ್ಣ ಘಟಕಗಳು ಸರಪಳಿಯಂತೆ ಹೆಣೆದುಕೊಂಡ ಪಾಲಿಮರ್‌ಗಳ ಮಿಶ್ರಣ. ಅವುಗಳಲ್ಲೊಂದು ಪಾಲಿಐಸೋಬ್ಯುಟಿಲೀನ್, ಗಾಲಿಯೊಳಗಿನ ಟ್ಯೂಬುಗಳಿಗೆ ಬಳಸುವ ಬ್ಯುಟೈಲ್ ರಬ್ಬರಿನ ಬಹುಭಾಗವೂ ಇದೇ ಘಟಕದಿಂದಾದುದು. ಮತ್ತೊಂದು ಪಾಲಿವಿನೈಲ್ ಅಸಿಟೇಟ್. ಬಡಗಿಗಳು ಮರ ಜೋಡಿಸಲು ಬಳಸುವ ಬಿಳಿಯ ಅಂಟಿನಲ್ಲಿರುವುದೂ ಇದೇ.

ಬಾಯಿಯಲ್ಲಿರುವಷ್ಟು ಹೊತ್ತು ಜೊಲ್ಲಿನ ತೆಳುಪದರವು ಗಮ್ಮು ಹಲ್ಲಿಗೆ ಅಂಟದಂತೆ ಕಾಯುತ್ತದೆ. ನೆಲಕ್ಕೆ ಬಿದ್ದಾಗ ಆ ತೇವ ಆರಿಹೋಗುತ್ತದೆ. ಬಿಸಿಲಿಗೆ ಮೆದುವಾದ ಗಮ್ಮು ನಡೆಯುವವರ ಕಾಲ್ತುಳಿತಕ್ಕೆ ಸಿಕ್ಕಿ ಕಲ್ಲಿನ ಸೂಕ್ಷ್ಮ ರಂಧ್ರಗಳೊಳಗೆ ಹರಿದು ಬೇರುಬಿಟ್ಟಂತೆ ನಿಲ್ಲುತ್ತದೆ. ಅದು ನೀರನ್ನು ಒಲ್ಲದ ಪದಾರ್ಥವಾದುದರಿಂದ ಮಳೆ ಅದನ್ನು ತೊಳೆಯಲಾರದು. ಸೂಕ್ಷ್ಮಜೀವಿಗಳು ಅದನ್ನು ಸುಲಭವಾಗಿ ಕೊಳೆಯಿಸಲಾರವು. ಮೇಲೆ ಧೂಳು ಕೂತು ಕಪ್ಪು ಬೊಟ್ಟಾಗಿ ವರ್ಷಗಟ್ಟಲೆ ಉಳಿಯುತ್ತದೆ.

ಬಟ್ಟೆಗೆ ಅಂಟಿದ ಗಮ್ಮಿನ ಮೇಲೆ ಮಂಜುಗಡ್ಡೆಯನ್ನಿಟ್ಟರೆ ಅದು ಪೆಡಸಾಗಿ ಮುರಿದು ಬರುತ್ತದೆ. ಶೈತ್ಯದಲ್ಲಿ ಅಣುಸರಪಳಿಗಳ ಚಲನೆ ಕುಗ್ಗಿ ಅಂಟುತನ ಕಳೆಯುವುದೇ ಇದರ ಕಾರಣ. ಆದರೆ ಊರಿನ ಬೀದಿಗಳಿಗೆಲ್ಲ ಮಂಜುಗಡ್ಡೆಯನ್ನಿಡುವುದು ಸಾಧ್ಯವೇ? ಆದಕಾರಣ ನಗರಗಳಲ್ಲಿ ಬಿಸಿ ಹಬೆಯನ್ನೋ ಒತ್ತಡದ ನೀರನ್ನೋ ಹಾಯಿಸಿ ಒಂದೊಂದು ಬೊಟ್ಟನ್ನೂ ಬಿಡಿಯಾಗಿ ಕೀಳಬೇಕಾಗುತ್ತದೆ. ಒತ್ತಡ ಮಿತಿಮೀರಿದರೆ ಕಲ್ಲೇ ಸವೆಯುತ್ತದೆ. ಬ್ರಿಟನ್ನಿನ ಸ್ಥಳೀಯ ಸಂಸ್ಥೆಗಳು ಈ ಕಾರ್ಯಕ್ಕೆ ವರ್ಷಕ್ಕೆ ಸುಮಾರು ೭೦ ಲಕ್ಷ ಪೌಂಡು ವೆಚ್ಚಮಾಡುವುವೆಂದು ಅಂದಾಜು. ಆ ಹಣ ಜನರ ತೆರಿಗೆಯಿಂದ ಬಂದುದೆಂಬುದನ್ನು ಮರೆಯಬಾರದು.

ಇಷ್ಟಾಗಿಯೂ ಶುದ್ಧೀಕರಣವೊಂದೇ ಸಾಲದು. ಅಮೆರಿಕದ ಸಿಯಾಟಲ್ ನಗರದ ಮಾರುಕಟ್ಟೆಯ ಬಳಿ ಜನರು ೧೯೯೦ರ ದಶಕದಿಂದ ಮೋಜಿಗಾಗಿ ಗಮ್ಮು ಅಂಟಿಸುತ್ತ ಬಂದ ಗೋಡೆಯೊಂದುಂಟು. ೨೦೧೫ರ ನವೆಂಬರಿನಲ್ಲಿ ಹಬೆಯಿಂದ ಅದನ್ನು ತೊಳೆದಾಗ ೧,೦೦೦ ಕಿಲೋಗ್ರಾಮಿಗೂ ಹೆಚ್ಚು ಗಮ್ಮು ಹೊರಬಂದಿತು. ತೊಳೆದ ಸ್ವಲ್ಪ ಕಾಲದಲ್ಲೇ ಜನರು ಮತ್ತೆ ಅಂಟಿಸತೊಡಗಿದರು.

ಪರಿಹಾರದ ದಾರಿಗಳು

ಮೊದಲನೆಯ ದಾರಿ ನಿಷೇಧ. ಸಿಂಗಪುರದಲ್ಲಿ ರೈಲಿನ ಬಾಗಿಲುಗಳ ಸಂವೇದಕಗಳಿಗೆ ಗಮ್ಮು ಮೆತ್ತಿ ಸಂಚಾರಕ್ಕೆ ತೊಡಕಾಯಿತು. ೧೯೯೨ರಲ್ಲಿ ಸರಕಾರವು ಅದರ ಆಮದನ್ನೂ ಮಾರಾಟವನ್ನೂ ನಿಷೇಧಿಸಿತು. ೨೦೦೪ರಲ್ಲಿ ಚಿಕಿತ್ಸೆಗೆ ಉಪಯುಕ್ತವಾದ ಬಗೆಗಳನ್ನು ಮಾತ್ರ ದಂತವೈದ್ಯರು ಹಾಗೂ ಔಷಧ ವ್ಯಾಪಾರಿಗಳ ಮೂಲಕ ಮಾರಲು ಅವಕಾಶ ನೀಡಿತು. ಬೀದಿಗಳು ಶುಚಿಯಾದುವು ನಿಜ. ಆದರೆ ಕೆಲವರ ತಪ್ಪಿಗೆ ಎಲ್ಲರ ಕೈಯನ್ನೂ ಕಟ್ಟುವ ಈ ದಾರಿ ಎಲ್ಲ ದೇಶಗಳಿಗೂ ಒಪ್ಪುವಂಥದಲ್ಲ.

ಎರಡನೆಯದು ರಸಾಯನ ವಿಜ್ಞಾನದ ದಾರಿ. ಸಾಬೂನಿನ ಅಣುವಿನ ಒಂದು ತುದಿ ಎಣ್ಣೆಯನ್ನೂ ಇನ್ನೊಂದು ತುದಿ ನೀರನ್ನೂ ಬಯಸುವುದೆಂದು ವಿದ್ಯಾರ್ಥಿಗಳು ಬಲ್ಲರು. ಬ್ರಿಸ್ಟಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಟೆರೆನ್ಸ್ ಕಾಸ್‌ಗ್ರೋವ್ ಅವರ ತಂಡವು ಇದೇ ಬಗೆಯ ಉಭಯಪ್ರಿಯ ಪಾಲಿಮರನ್ನು ಗಮ್ಮಿಗೆ ಸೇರಿಸಿತು. ಇದರಿಂದ ಗಮ್ಮಿನ ಸುತ್ತ ನೀರಿನ ತೆಳುಪದರ ನಿಂತು, ಅದು ನೆಲಕ್ಕೆ ಬಿಗಿಯಾಗಿ ಕಚ್ಚಿಕೊಳ್ಳುವುದು ತಪ್ಪುತ್ತದೆ. ೨೦೦೭ರಲ್ಲಿ ಪ್ರಕಟವಾದ ಈ ಶೋಧ ಜಾಣ್ಮೆಯದೇ ಆದರೂ, ಅಂಗಡಿಗಳಲ್ಲಿ ಹಳೆಯ ಗಮ್ಮಿನ ಸ್ಥಾನವನ್ನು ಇದು ಪಡೆಯಲಿಲ್ಲ.

ಮೂರನೆಯದು ಕಸವನ್ನು ಕಚ್ಚಾಪದಾರ್ಥವೆಂದು ಎಣಿಸುವ ದಾರಿ. ಬ್ರಿಟನ್ನಿನ ಆನಾ ಬುಲ್ಲಸ್ ಅವರು ವಿನ್ಯಾಸದ ವಿದ್ಯಾರ್ಥಿನಿಯಾಗಿದ್ದಾಗ, ಹಾದಿಯಲ್ಲಿ ಬಿದ್ದ ಕಸವನ್ನು ಆಯ್ದು, ಯಾವುದನ್ನು ಮರಳಿ ಬಳಸಬಹುದೆಂದು ಪರಿಶೀಲಿಸಿದರು. ಗಮ್ಮಿಗೆ ಮಾತ್ರ ಯಾರೂ ಉಪಾಯ ಹುಡುಕಿರಲಿಲ್ಲ. ಅದು ಪಾಲಿಮರ್ ಆದರೆ ಪ್ಲಾಸ್ಟಿಕ್ಕಿನಂತೆ ಅಚ್ಚಿಗೆ ಹೊಯ್ಯಲು ಏಕೆ ಬಾರದು? ಈ ಪ್ರಶ್ನೆಯಿಂದ ‘ಗಮ್‌ಡ್ರಾಪ್’ ಎಂಬ ಗುಲಾಬಿ ಬಣ್ಣದ ಗುಂಡನೆಯ ಡಬ್ಬಿ ಹುಟ್ಟಿತು. ಡಬ್ಬಿಯನ್ನು ಮಾಡಿದ್ದು ಹಳೆಯ ಗಮ್ಮಿನಿಂದ. ಅದರೊಳಗೆ ತುಂಬುವುದೂ ಗಮ್ಮೇ. ತುಂಬಿದ ಮೇಲೆ ಡಬ್ಬಿಸಮೇತ ಕರಗಿಸಿ ಹೊಸ ಡಬ್ಬಿಗಳನ್ನೂ ಇತರ ವಸ್ತುಗಳನ್ನೂ ಮಾಡುತ್ತಾರೆ. ೨೦೧೮ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಬೀದಿಗಳಿಂದ ತೆಗೆದ ಗಮ್ಮನ್ನು ಸೇರಿಸಿ ಪಾದರಕ್ಷೆಯ ಅಟ್ಟೆಯನ್ನೂ ತಯಾರಿಸಿದರು. ಕಾಲಿಗೆ ಅಂಟುತ್ತಿದ್ದುದೇ ಕಾಲನ್ನು ಕಾಯುವಂತಾಯಿತು!

ನಾಲ್ಕನೆಯ ದಾರಿ ವಿನೋದದ್ದು. ಲಂಡನ್ನಿನ ಚಿತ್ರಕಾರ ಬೆನ್ ವಿಲ್ಸನ್ ಅವರು ನೆಲಕ್ಕಂಟಿದ ಗಮ್ಮನ್ನು ಕಾಯಿಸಿ, ಬಣ್ಣ ಹಚ್ಚಿ, ನಾಣ್ಯದಗಲದಲ್ಲಿ ಪುಟ್ಟ ಚಿತ್ರಗಳನ್ನು ಬರೆಯುತ್ತಾರೆ. ಥೇಮ್ಸ್ ನದಿಯ ಮಿಲೆನಿಯಮ್ ಸೇತುವೆಯ ಮೇಲೆ ಇಂಥ ಅನೇಕ ಚಿತ್ರಗಳನ್ನು ಅವರು ರಚಿಸಿದ್ದಾರೆ. ಕನ್ನಡದಲ್ಲಿ ‘ಕಲೆ’ ಎಂಬ ಪದಕ್ಕಿರುವ ಎರಡರ್ಥಗಳೂ ಅಲ್ಲಿ ಒಂದೇ ಬೊಟ್ಟಿನಲ್ಲಿ ಕೂಡಿವೆ. ಬೀದಿಯನ್ನು ಇದು ಶುಚಿಗೊಳಿಸದು. ಆದರೆ ತಲೆ ತಗ್ಗಿಸಿ ನೋಡಿದ ದಾರಿಹೋಕನು ತಾನು ಏನನ್ನು ಉಗುಳುತ್ತಿದ್ದೇನೆಂದು ಒಮ್ಮೆ ಯೋಚಿಸುವಂತೆ ಮಾಡುತ್ತದೆ.

ಒಂದು ಪ್ರಯೋಗ

ವಿದ್ಯಾರ್ಥಿಗಳು ಒಂದು ಸರಳ ಪ್ರಯೋಗವನ್ನು ಮಾಡಿ ನೋಡಬಹುದು. ಒಂದು ತುಂಡು ಗಮ್ಮನ್ನು ಶಾಲೆಯ ಸೂಕ್ಷ್ಮ ತಕ್ಕಡಿಯಲ್ಲಿ ತೂಗಿರಿ. ರುಚಿ ಪೂರಾ ಹೋಗುವವರೆಗೆ ಜಗಿದು, ಕಾಗದದ ಮೇಲಿಟ್ಟು ಒಣಗಿಸಿ ಮತ್ತೆ ತೂಗಿರಿ. ಕಳೆದುಹೋದ ತೂಕವೇ ನೀವು ಸವಿದದ್ದು. ಉಳಿದದ್ದು ಬೀದಿಯ ಪಾಲಿಗೆ ಬರತಕ್ಕ ಅಂಟು. ಅದನ್ನು ಅದೇ ಕಾಗದದಲ್ಲಿ ಸುತ್ತಿ ಕಸದ ಡಬ್ಬಿಗೆ ಹಾಕಲು ಎಷ್ಟು ಸೆಕೆಂಡು ಬೇಕಾಯಿತೆಂಬುದನ್ನೂ ಗುರುತು ಹಾಕಿಕೊಳ್ಳಿರಿ. ಬಾಯಿಂದ ನೆಲಕ್ಕೆ ಬೀಳುವ ಮೊದಲು ಕಾಗದದ ಚೂರೊಂದು ಮಾಡುವ ಕೆಲಸಕ್ಕೆ, ಬಿದ್ದ ಬಳಿಕ ಹಬೆಯ ಯಂತ್ರವೂ ಒಬ್ಬ ಕೆಲಸಗಾರನ ಬೆನ್ನುನೋವೂ ಬೇಕಾಗುತ್ತವೆ.