ದುಃಖದಲ್ಲಿ ಶರಣಾಗತಿ

ಸಾವು ಸಂಭವಿಸಿದ ಮನೆಗೆ ಸಾಂತ್ವನ ಹೇಳಲು ಬರುವವರ ಬಾಯಲ್ಲಿ ಒಂದು ಮಾತು ರೂಢಿಯಾಗಿದೆ: "ಲಿಂಗವಂತರು ಅಳಬಾರದು, ಎಲ್ಲವೂ ಶಿವನಿಚ್ಛೆ." ಮಾತು ಶಾಸ್ತ್ರದಂತೆಯೇ ಕೇಳಿಸುತ್ತದೆ. ಆದರೆ ಎಳೆಯ ಮಗುವನ್ನು ಮಣ್ಣಿಗಿಟ್ಟು ಬಂದ ತಾಯಿಗೆ ಅದರಿಂದ ನೋವು ಇಮ್ಮಡಿಯಾಗುತ್ತದೆ. ಮಗುವನ್ನು ಕಳೆದುಕೊಂಡ ದುಃಖದೊಡನೆ ತನ್ನ ಭಕ್ತಿಯೂ ಹುಸಿಯೇನೋ ಎಂಬ ಅಳುಕು ಆಕೆಯನ್ನು ಕಾಡತೊಡಗುತ್ತದೆ. ದೇವನು ಕರುಣಾಳುವೆಂದು ನಂಬಿದವರ ಕಣ್ಣಲ್ಲಿ ನೀರು ಬರಬಾರದೆಂದು ಶರಣರು ಹೇಳಿರುವರೇ?

ಅಕ್ಕಮಹಾದೇವಿಯ ವಚನವೊಂದನ್ನು ಇಲ್ಲಿ ನೆನೆಯಬೇಕು. ಉಡುತಡಿಯಲ್ಲಿ ಹುಟ್ಟಿ, ಕೌಶಿಕನ ಅರಮನೆಯನ್ನು ತೊರೆದು, ಕಲ್ಯಾಣದ ಶರಣರನ್ನು ಕಂಡು, ಶ್ರೀಶೈಲಕ್ಕೆ ಸಾಗಿದ 12ನೆಯ ಶತಮಾನದ ಆ ಶರಣೆಗೆ ಕಷ್ಟವೆಂಬುದು ಬರಿದೆ ಕೇಳಿ ತಿಳಿದ ಮಾತಾಗಿರಲಿಲ್ಲ. ಆಕೆ ಚಂದನ, ಚಿನ್ನ, ಕಬ್ಬುಗಳನ್ನು ನಮ್ಮ ಮುಂದಿಡುತ್ತಾಳೆ. ಒಂದನ್ನು ಕತ್ತರಿಸಿ ಕಲ್ಲಿಗೆ ಉಜ್ಜುವರು, ಒಂದನ್ನು ಕಾಯಿಸಿ ಒರೆಗೆ ಹಚ್ಚುವರು, ಇನ್ನೊಂದನ್ನು ಗಾಣಕ್ಕೆ ಕೊಟ್ಟು ರಸವನ್ನು ಕುದಿಸುವರು. ಇಷ್ಟಾದರೂ ಅವುಗಳ ಪರಿಮಳವಾಗಲಿ, ಹೊಳಪಾಗಲಿ, ಸವಿಯಾಗಲಿ ಹೋಗದು. ಪ್ರವಚನಕಾರರು ಇಲ್ಲಿಗೇ ನಿಲ್ಲಿಸಿ, ಕಷ್ಟ ಬಂದಾಗ ಕಲ್ಲಿನಂತಿರಬೇಕೆಂದು ಅರ್ಥ ಹೇಳಿಬಿಡುವುದುಂಟು. ಅಕ್ಕನು ಕಲ್ಲನ್ನು ಉದಾಹರಿಸಿಲ್ಲವೆಂಬುದನ್ನು ಗಮನಿಸಬೇಕು. ಚಂದನಕ್ಕೆ ನೋವಾಗಲಿಲ್ಲವೆಂದು ಆಕೆ ಹೇಳುವುದಿಲ್ಲ. ನೊಂದ ಕಾರಣದಿಂದ ಅದು ಪರಿಮಳವನ್ನು ತೊರೆಯಲಿಲ್ಲವೆಂದಷ್ಟೇ ಆಕೆಯ ಅಭಿಪ್ರಾಯ.

ವಚನದ ಉತ್ತರಾರ್ಧವು ಇನ್ನೂ ದಿಟ್ಟವಾದುದು. ತನ್ನ ಹಳೆಯ ತಪ್ಪುಗಳನ್ನೆಲ್ಲ ಎದುರಿಗೆ ಹರಡಿದರೆ ನಷ್ಟವು ದೇವನದೇ ಎಂದು ಆಕೆ ಆತನೊಡನೆ ವಾದಕ್ಕೇ ನಿಲ್ಲುತ್ತಾಳೆ. ಹಾಗೆ ವಾದಿಸುವಾಗಲೂ ಆತನನ್ನು ತಂದೆಯೆಂದೇ ಕರೆಯುತ್ತಾಳೆ. ಪ್ರಾಣವನ್ನೇ ತೆಗೆದರೂ ಶರಣಾಗತಿಯನ್ನು ಬಿಡಲಾರೆನೆಂದು ಮುಗಿಸುತ್ತಾಳೆ. ತಂದೆಯಲ್ಲಿ ನಂಬಿಕೆಯಳಿದ ಮಗಳು ಜಗಳವಾಡುವುದಿಲ್ಲ, ಮಾತನ್ನೇ ಬಿಡುತ್ತಾಳೆ. ದೂರು ದೇವನಿಗೇ ಸಲ್ಲುತ್ತಿರುವವರೆಗೆ ಭಕ್ತಿಯ ನೂಲು ಹರಿದಿಲ್ಲವೆಂದು ತಿಳಿಯತಕ್ಕದ್ದು.

ಹೊಗಳಿಕೆ ತೆಗಳಿಕೆಗಳು ಬಂದಾಗ ಸಿಟ್ಟಾಗದೆ ಶಾಂತರಾಗಿರಬೇಕೆಂದು ಇದೇ ಅಕ್ಕನು ಬೇರೊಂದು ವಚನದಲ್ಲಿ ಹೇಳಿಲ್ಲವೇ ಎಂದು ಕೇಳಬಹುದು. ಹೇಳಿರುವಳು. ಆ ಮಾತು ಲೋಕದವರ ನಾಲಗೆಗೆ ಸಂಬಂಧಿಸಿದ್ದು. ಅದನ್ನು ಮಕ್ಕಳನ್ನು ಕಳೆದುಕೊಂಡವರ ಮೇಲೆ ಹೇರುವುದು ಯುಕ್ತವಲ್ಲ.

ಆಚಾರದಲ್ಲಿಯೂ ಇದಕ್ಕೆ ಆಧಾರವುಂಟು. ಲಿಂಗಧಾರಿಗೆ ಜನನ, ಮರಣ ಮೊದಲಾದ ಪಂಚಸೂತಕಗಳಿಲ್ಲ. ಇದನ್ನು ಮಡಿಮೈಲಿಗೆಯ ಲೆಕ್ಕವೆಂದು ಮಾತ್ರ ತಿಳಿಯುವವರೇ ಹೆಚ್ಚು. ಸೂತಕವಿಲ್ಲದ್ದರಿಂದ ಸಾವಿನ ದಿನವೂ ಲಿಂಗಪೂಜೆ ನಿಲ್ಲದು. ಎಂದರೆ, ದುಃಖ ಆರಿದ ಮೇಲೆ ಬಾ ಎಂದು ಇಷ್ಟಲಿಂಗವು ಯಾರನ್ನೂ ಹೊರಗೆ ನಿಲ್ಲಿಸುವುದಿಲ್ಲ. ನಡುಗುವ ಅಂಗೈಯಲ್ಲಿಯೇ ಅದು ನೆಲೆಗೊಳ್ಳುತ್ತದೆ. ನಡುವೆ ಬಿಕ್ಕು ಬಂದು ಮಂತ್ರ ತಪ್ಪಿದರೆ, "ಏಕೆ ಹೀಗೆ ಮಾಡಿದೆ, ತಂದೆ" ಎಂಬ ಒಂದೇ ಮಾತು ಹೊರಟರೆ, ಅಂದಿನ ಪೂಜೆ ಅದೇ.

ಷಟ್‌ಸ್ಥಲದಲ್ಲಿ ಮೂರನೆಯದು ಪ್ರಸಾದಿಸ್ಥಲ. ಸುಖದುಃಖಗಳೆರಡನ್ನೂ ಲಿಂಗದೇವನ ಪ್ರಸಾದವೆಂದು ಸ್ವೀಕರಿಸುವುದು ಪ್ರಸಾದಿಯ ನಿಲವು. ಭಕ್ತ, ಮಹೇಶ ಸ್ಥಲಗಳ ತರುವಾಯ ಬರುವ ಆ ನಿಲವನ್ನು ನೊಂದವರಿಂದ ಮೊದಲ ದಿನವೇ ನಿರೀಕ್ಷಿಸುವುದು ಸಲ್ಲದು. ಪ್ರಸಾದವೆಂಬ ಮಾತನ್ನು ಕೊಂಡವರೇ ಆಡಬೇಕಲ್ಲದೆ ನೆರೆಯವರು ಆಡಲಾಗದು. ಅವರು ಅಂದು ಆ ಮನೆಗೆ ಅಡಿಗೆ ಮಾಡಿ ತಂದು, ಬಳಿಯಲ್ಲಿ ಕುಳಿತು, ಅಳುವವರನ್ನು ಅಳಗೊಡುವುದು ಲೇಸು.