ಅಂಕ ಹಾಕುವವರ ಅಮಾನತ್ತು

ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ತೀರ್ಪುಗಾರರಾಗಿ ಬನ್ನಿರೆಂದು ಕರೆದರೆ ನಮ್ಮ ವಿದ್ಯಾವಂತರಲ್ಲಿ ಅನೇಕರು 'ಮಕ್ಕಳ ವಿಷಯ ತಾನೇ' ಎಂದು ಹಗುರವಾಗಿ ಒಪ್ಪಿಕೊಳ್ಳುತ್ತಾರೆ. ಸಂಬಳವಿಲ್ಲದ ಸೇವೆಯಾದರೂ ತೀರ್ಪು ತೀರ್ಪೇ. ಅಮಾನತ್ತನ್ನು ಅರ್ಹರಿಗೆ ತಲುಪಿಸಬೇಕು, ಜನರ ನಡುವೆ ನ್ಯಾಯದಿಂದ ತೀರ್ಪು ನೀಡಬೇಕು ಎಂಬ ಕುರ್‌ಆನಿನ ಆದೇಶದಲ್ಲಿ (ಅನ್ನಿಸಾ: 58) ವಯಸ್ಸಿನ ರಿಯಾಯಿತಿ ಇಲ್ಲ.

ಪ್ರವಾದಿ(ಸ)ರು ಹ. ಅಲಿ(ರ)ಯವರನ್ನು ಯಮನ್‌ಗೆ ನ್ಯಾಯಾಧೀಶರಾಗಿ ಕಳುಹಿಸುವಾಗ, ಎರಡನೆಯವನ ಮಾತನ್ನೂ ಆಲಿಸುವ ತನಕ ತೀರ್ಪು ಕೊಡಬಾರದೆಂದು ಬೋಧಿಸಿದ್ದರು (ಅಬೂದಾವೂದ್). ಇದರ ಬೆಲೆ ಪ್ರದರ್ಶನದ ಮೇಜುಗಳ ಮುಂದೆ ತಿಳಿಯುತ್ತದೆ. ನಮ್ಮ ಬನ್ನೂರಿನಂತಹ ಊರನ್ನೇ ತೆಗೆದುಕೊಳ್ಳಿ. ಒಂದು ಮೇಜಿನ ಮೇಲೆ ಪೇಟೆಯಿಂದ ತಂದ, ದೀಪ ಮಿನುಗುವ ಜ್ವಾಲಾಮುಖಿ. (ಅದನ್ನು ಕಟ್ಟಿದವರು ಹೆಚ್ಚಾಗಿ ತಂದೆಯೇ!) ಪಕ್ಕದಲ್ಲಿ, ಮನೆಯ ಬನ್ನೂರು ಕುರಿಗಳ ಮೇವು, ತೂಕಗಳನ್ನು ವಾರವಾರವೂ ಬರೆದಿಟ್ಟ ಒಂದು ನೋಟ್‌ಪುಸ್ತಕ. ಅದನ್ನು ಹಿಡಿದ ಹುಡುಗಿ ಸಂಕೋಚದಿಂದ ಬಾಯಿ ಬಿಡುವುದಿಲ್ಲ. "ಕುರಿಯನ್ನು ಹೇಗೆ ತೂಗಿದೆ ಮಗಳೇ? ಒಂದರ ತೂಕ ಇಳಿದದ್ದೇಕೆ?" ಎಂದು ಕೇಳಿ, ಉತ್ತರಕ್ಕೆ ಕಾಯಬೇಕು. ಆಗ ವಿಜ್ಞಾನ ಹೊರಬರುತ್ತದೆ. 1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಮಕ್ಕಳಿಂದ ಬಯಸಿದ್ದೂ ತಮ್ಮ ಪರಿಸರದ ಇಂತಹ ಅಧ್ಯಯನವನ್ನೇ.

ಬಂಧುಗಳ ಮಗುವಿದ್ದರೆ ಆ ಮೇಜನ್ನು ಇನ್ನೊಬ್ಬ ತೀರ್ಪುಗಾರರಿಗೆ ಬಿಟ್ಟುಕೊಡಿ. ಬಹುಮಾನ ಸಿಗದ ಮಗುವನ್ನು ಕರೆದು, ಎಲ್ಲಿ ಕೊರತೆಯಾಯಿತೆಂದು ಎರಡು ಮಾತು ಹೇಳಿ ಹೊರಡಿ.